ಕಂಠೀರವದಾಗ ಯಾರೂ "ನೀವು ಯಾರ ಪೈಕಿ" ಅಂತ ಕೇಳಲಿಲ್ಲ



ಹೋದ ವಾರ ಸೇಡಂ ಕಡೆಯ ಒಬ್ಬ ತಮ್ಮ ಇನ್‌ಬಾಕ್ಸಿನಲ್ಲಿ ಕೇಳಿದ: "ಅಣ್ಣಾ, ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಊಟ ಅಂತ ಬರಿಯೋ ನೀವು ನಡುನಡುವ ಫುಟ್‌ಬಾಲ್ ಫೋಟೋ ಯಾಕ ಹಾಕ್ತೀರಿ? ಇದಕ್ಕೂ ಹೋರಾಟಕ್ಕೂ ಏನ್ ಸಂಬಂಧ?" ಕೇಳಿದ್ದು ಸರಿ ಅದ. ಎರಡು ಸಾಲಿನಾಗ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಅದಕ್ಕೇ ಈ ಉದ್ದ ಪೋಸ್ಟ್. ಓದಲು ಪುರುಸೊತ್ತು ಇಲ್ಲದವರು ಕೊನೆಯ ಎರಡು ಪ್ಯಾರಾ ಆದರೂ ಓದ್ರಿ. ಕೆಲಸದ ಮಾತು ಅಲ್ಲಿ ಅದ.

2023ರ ಜುಲೈ 4, ಮಂಗಳವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್, ಭಾರತ ಮತ್ತು ಕುವೈತ್. ಕಚೇರಿಯಲ್ಲಿ ಎರಡು ದಿನ ಸಿ.ಎಲ್. ಬರೆದುಕೊಟ್ಟೆ. ಕಾರಣ ಅನ್ನೋ ಜಾಗದಾಗ "ಸ್ವಂತ ಕೆಲಸ" ಅಂತ ಹಾಕಿದೆ. ನಮ್ಮ ಕೇರಿಯ ನಾಲ್ಕು ಹುಡುಗರನ್ನ ಕರ್ಕೊಂಡು ಸೋಮವಾರ ರಾತ್ರಿ ವಾಡಿಯಲ್ಲಿ ರೈಲು ಹತ್ತಿದೆ. ಒಬ್ಬ ಗೌಂಡಿ ಕೈಕೆಳಗ ದುಡಿತಾನ, ಒಬ್ಬ ಶಹಾಬಾದ್ ಕಡೆ ಫರಸಿ ಖಣಿಗೆ ಹೋಗ್ತಾನ, ಒಬ್ಬ ಐಟಿಐ ಓದ್ತಾನ, ಇನ್ನೊಬ್ಬ ಪಿಯುಸಿ ಫೇಲಾಗಿ ಮನ್ಯಾಗ ಕುಂತವ. ಅಲ್ಲಿತನಕ ಅವರು ದೊಡ್ಡ ಫುಟ್‌ಬಾಲ್ ಪಂದ್ಯ ನೋಡಿದ್ದು ಮೊಬೈಲಿನಾಗ ಮಾತ್ರ. ಜನರಲ್ ಡಬ್ಬಿ, ರೊಟ್ಟಿ ಗಂಟು, ಶೇಂಗಾ ಹಿಂಡಿ. ಮ್ಯಾಚಿನ ಟಿಕೆಟ್ಟಿಗಿಂತ ಹೋಗಿಬರೋ ಖರ್ಚೇ ಜಾಸ್ತಿ ಆಯ್ತು. ಬೆಂಗಳೂರಿನ ಅಭಿಮಾನಿಗೆ ಅದು ಒಂದು ಸಂಜೆಯ ಮಾತು. ವಾಡಿ, ಚಿತ್ತಾಪುರ, ಚಿಂಚೋಳಿಯ ಅಭಿಮಾನಿಗೆ ಎರಡು ರಾತ್ರಿ ನಿದ್ದೆ, ಎರಡು ದಿನದ ಕೂಲಿ. ಇದನ್ನ ಮೊದಲು ಹೇಳಿಯೇ ಮುಂದಿನ ಮಾತು ಹೇಳಬೇಕು.

ಕಂಠೀರವದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇದು 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷ ಅವರು ಆಡಿದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಆ ಮೊದಲ ವರ್ಷವೇ ಐ-ಲೀಗ್ ಗೆದ್ದರು. ಅಲ್ಲಿ ಪಶ್ಚಿಮದ ಬ್ಲಾಕಿನಲ್ಲಿ ನಿಂತು ಕೂಗುತ್ತಿದ್ದ ಹುಡುಗರು 'ವೆಸ್ಟ್ ಬ್ಲಾಕ್ ಬ್ಲೂಸ್' ಅಂತ ಹೆಸರಿಟ್ಟುಕೊಂಡರು, ಕಂಠೀರವಕ್ಕೆ ಬಂದ ಮ್ಯಾಲೂ ಅದೇ ಹೆಸರು ಉಳೀತು. ಕಂಠೀರವ ಫುಟ್‌ಬಾಲಿಗಂತಲೇ ಕಟ್ಟಿದ ಕ್ರೀಡಾಂಗಣ ಅಲ್ಲ. ಮೈದಾನದ ಸುತ್ತ ಓಟದ ಟ್ರ್ಯಾಕ್ ಅದ, ಹಂಗಾಗಿ ಆಟ ನಮ್ಮಿಂದ ದೂರ. ಆಚೆ ಗೋಲಿನ ಮುಂದ ಏನಾಯ್ತು ಅನ್ನೋದು ಎಷ್ಟೋ ಸಲ ಜನರ ಕೂಗಿನಿಂದಲೇ ಗೊತ್ತಾಗೋದು. ಆ ಟ್ರ್ಯಾಕ್ ನಮಗೆ ಸಿಗ್ತಿಲ್ಲ ಅಂತ ಓಟಗಾರರು ಹೈಕೋರ್ಟಿನ ತನಕ ಹೋಗಿದ್ರು. ಇದ್ದ ಒಂದು ಜಾಗಕ್ಕ ಇಬ್ಬರು ಬಡವರು ಬಡಿದಾಡೋದು ನಮ್ಮ ಕಡೆಯೂ ಹೊಸದಲ್ಲ.

2018ರ ಜೂನ್ ಒಂದನೇ ತಾರೀಖು ಮುಂಬೈಯಲ್ಲಿ ಭಾರತ ತಂಡ ಆಡಿದಾಗ ಬಂದ ಪ್ರೇಕ್ಷಕರು 2,569 ಮಂದಿ. ಮರುದಿನ ಸುನಿಲ್ ಛೆಟ್ರಿ ವಿಡಿಯೋ ಮಾಡಿ, ಬೈಯಲಿಕ್ಕಾದರೂ ಸ್ಟೇಡಿಯಂಗೆ ಬರ್ರಿ ಅಂತ ಕೇಳಿಕೊಂಡ. ದೇಶದ ನಾಯಕ ಜನರ ಮುಂದ ಕೈಮುಗಿದು ಕೇಳಿದ. ಐದು ವರ್ಷದ ನಂತರ ಕಂಠೀರವದ ಗೇಟಿನ ಮುಂದ ನಾವು ನಿಂತಾಗ ಸಾಲಿನ ಬಾಲ ಕಾಣ್ತಿರಲಿಲ್ಲ.

ಮುಂಜಾನಿ ರೈಲಿನಿಂದ ಇಳಿದು ನಾವು ಮೊದಲು ಹೋಗಿದ್ದು ಹಲಸೂರಿನ ಗೌತಮಪುರಕ್ಕ. ಹೆಸರಿನಾಗೇ ಗೌತಮ ಅದಾನ. ಶ್ರಮಿಕರ, ದಲಿತರ ಬಡಾವಣೆ, ಹೆಚ್ಚಿನವರ ಮನೆಮಾತು ತಮಿಳು. ಅಲ್ಲಿ ಬುದ್ಧ, ಬಾಬಾಸಾಹೇಬ, ಮದರ್ ತೆರೇಸಾ ಇವರ ಜೋಡಿ ಬ್ರೆಜಿಲ್‌ನ ಪೆಲೆ ಮೂರ್ತಿ ನಿಂತಾನ. ನಮ್ಮ ಹುಡುಗರು ಬಾಯಿ ತೆರೆದು ನೋಡಿದ್ರು. ನಮ್ಮ ಸನ್ನತಿಯ ಬುದ್ಧ ಗೊತ್ತು, ಊರೂರಿನ ಬಾಬಾಸಾಹೇಬರ ಮೂರ್ತಿ ಗೊತ್ತು, ಆದ್ರ ಕಾಲಾಗ ಚೆಂಡು ಇರೋ ಒಬ್ಬ ಕರಿಯ ಮನುಷ್ಯನನ್ನ ಅವರ ಸಾಲಿನಾಗ ನಿಲ್ಲಿಸಿದ್ದು ಇದೇ ಮೊದಲು ಕಂಡದ್ದು. ಐಟಿಐ ಹುಡುಗ ಕೇಳಿದ, "ಕಾಕಾ, ಇವರಿಗೆ ಪೆಲೆ ಏನಾಗಬೇಕು?" ಅಲ್ಲೇ ಚಹಾ ಕುಡಿತಿದ್ದ ಒಬ್ಬ ಹಿರಿಯರು ನಕ್ಕು, "ಸೊಂದಕಾರ" ಅಂದ್ರು. ನೆಂಟ ಅಂತ.

ಬೆಂಗಳೂರಿನ ಫುಟ್‌ಬಾಲ್ ಅಂದ್ರ ಐಟಿ ಕಂಪನಿ ಹುಡುಗರ ಶೋಕಿ ಅಂತ ತಿಳಿಯೋರು ಇದನ್ನ ನೋಡಬೇಕು. ಬ್ರಿಟಿಷ್ ದಂಡಿನ ಸುತ್ತಮುತ್ತ ಬೆಳೆದ ದುಡಿಯೋರ ಕೇರಿಗಳ ಆಟ ಅದು. 1937ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸ್ ಮುಂದ 2-1ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದವ ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಈ ಸುದ್ದಿ ಮುಟ್ಟಿತು?

ಸಂಜೆ ಗೇಟು. ಮೊಬೈಲಿನ ಟಿಕೆಟ್ ಸ್ಕ್ಯಾನ್ ಮಾಡ್ತಾರ. ಖಣಿ ಹುಡುಗನ ಮೊಬೈಲಿನ ಗಾಜು ಒಡೆದದ, ಮೂರು ಸಲ ಹಿಡಿದರೂ ಕೋಡ್ ಓದಲಿಲ್ಲ. ಹಿಂದಿದ್ದವರು ಗುಸುಗುಸು ಸುರು ಮಾಡಿದ್ರು. ಅವ ತಲೆ ತಗ್ಗಿಸಿ ಪಕ್ಕಕ್ಕ ಸರಿಯಲಿಕ್ಕೆ ಹತ್ತಿದ. ನಮ್ಮ ಹುಡುಗರಿಗೆ ಈ ಸರಿಯೋದು ಹುಟ್ಟಿನಿಂದ ರೂಢಿ ಆಗ್ಯಾದ. ನಾನು ಭುಜ ಹಿಡಿದು, "ನಿಂದ್ರು, ದುಡ್ಡು ಕೊಟ್ಟೀವಿ" ಅಂದೆ. ನಾಲ್ಕನೇ ಸಲಕ್ಕ ಹಸಿರು ದೀಪ ಹತ್ತಿತು.

ಒಳಗ ಹೋದ್ರ ಫ್ಲಡ್‌ಲೈಟಿನ ಬೆಳಕು, ಹಸಿರು ಹುಲ್ಲು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಬಹಳ ಹೊತ್ತು ಹುಡುಗರು ಮಾತೇ ಆಡಲಿಲ್ಲ. ಪಕ್ಕದಾಗ ಕುಂತಿದ್ದ ಒಬ್ಬ ಹುಡುಗ, ಮುಖಕ್ಕೆಲ್ಲ ನೀಲಿ ಬಣ್ಣ ಬಳಿದುಕೊಂಡಿದ್ದ, ನಮ್ಮನ್ನ ಕೇಳಿದ: "ಯಾವೂರು?" ಚಿತ್ತಾಪುರ ಅಂದ್ವಿ. "ಓ, ಚಿತ್ರದುರ್ಗಾನಾ?" ಅಂದ. ಅಷ್ಟೇ. ನಮ್ಮ ಕಡೆ ಊರು ಕೇಳಿದ ಮ್ಯಾಲೆ ಎರಡನೇ ಪ್ರಶ್ನೆ ಏನು ಅಂತ ನಿಮಗ ಗೊತ್ತು. "ಯಾರ ಪೈಕಿ?" ಆ ಎರಡನೇ ಪ್ರಶ್ನೆ ಬರಲೇ ಇಲ್ಲ. ಗೌಂಡಿ ಹುಡುಗ ಆಮ್ಯಾಲೆ ನನ್ನ ಕಿವಿಯಾಗ ಹೇಳಿದ, "ನಾ ಕಾಯ್ಲತ್ತಿದ್ದೆ ಕಾಕಾ, ಈಗ ಕೇಳ್ತಾನ ಈಗ ಕೇಳ್ತಾನ ಅಂತ."

14ನೇ ನಿಮಿಷಕ್ಕ ಕುವೈತ್ ಗೋಲು ಹೊಡೀತು. 38ನೇ ನಿಮಿಷಕ್ಕ ಛಾಂಗ್ಟೆ ಸಮ ಮಾಡಿದ. ಆವಾಗ ಆ ನೀಲಿ ಮುಖದವ ನಮ್ಮ ಗೌಂಡಿ ಹುಡುಗನನ್ನ ಎತ್ತಿಕೊಂಡು ಕುಣಿದ. ಮುಂದಿನ ಸಾಲಿನ ಅಮ್ಮ ಒಬ್ಬರು ತಮ್ಮ ಡಬ್ಬಿಯಿಂದ ನಮಗೆಲ್ಲ ಚಕ್ಕುಲಿ ಹಂಚಿದ್ರು, ನಾವು ಶೇಂಗಾ ಕೊಟ್ವಿ. ಕೊಟ್ಟದ್ದು ತಿಂದ್ರು. ಓದುಗರಲ್ಲಿ ಕೆಲವರಿಗೆ ಇದು ದೊಡ್ಡ ಮಾತಲ್ಲ ಅನ್ನಿಸಬಹುದು. ನಮ್ಮ ಕೈಯಿಂದ ತಿಂಡಿ ತಗೊಳ್ಳದೆ "ಅಲ್ಲಿಡು" ಅನ್ನಿಸಿಕೊಂಡವರಿಗೆ ಅದು ದೊಡ್ಡದೇ. ಎಕ್ಸ್ಟ್ರಾ ಟೈಮ್ ಮುಗಿದರೂ 1-1. ಪೆನಾಲ್ಟಿ ಶೂಟೌಟ್. ಉದಾಂತ ಸಿಂಗ್ ಹೊಡೆದದ್ದು ತಪ್ಪಿತು, ಮಹೇಶ್ ಸಿಂಗ್ ಹೊಡೆದದ್ದು ಒಳಗ ಹೋಯ್ತು, ಗುರ್‌ಪ್ರೀತ್ ಕೊನೆಯ ಚೆಂಡು ತಡೆದ, 5-4. ತಪ್ಪಿಸಿದವನೂ ಮಣಿಪುರದವ, ಗೆಲುವಿನ ಹೊಡೆತ ಹೊಡೆದವನೂ ಮಣಿಪುರದವ.

ಮಣಿಪುರ ಆ ವರ್ಷ ಮೇ 3ರಿಂದ ಉರಿತಿತ್ತು. ಪದಕ ಕೊಡೋ ಹೊತ್ತಿಗೆ ಜೀಕ್ಸನ್ ಸಿಂಗ್ ಮೈಮ್ಯಾಲೆ ಏಳು ಬಣ್ಣದ ಬಾವುಟ ಹೊದ್ದುಕೊಂಡು ಬಂದ. 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಗೋಲು ಹೊಡೆದ ಹುಡುಗ ಅವ, ಯಾವುದೇ ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಅದೇ. ಅದು ಮೈತೇಯಿ ಸಮುದಾಯದ ಬಾವುಟ, ಕುಕಿ ಜನರಿಗೆ ನೋವಾಯ್ತು ಅಂತ ಟೀಕೆ ಬಂತು. ಯಾರಿಗೂ ನೋಯಿಸೋ ಉದ್ದೇಶ ಇರಲಿಲ್ಲ, ನನ್ನ ರಾಜ್ಯದ ಕಡೆ ಗಮನ ಸೆಳೆಯಬೇಕಿತ್ತು ಅಂತ ಅವ ಹೇಳಿದ. ಎರಡೂ ಕಡೆಯ ಮಾತು ಕೇಳಬೇಕು. ನನಗ ಕಾಡಿದ್ದು ಬೇರೆ. ಆ ಹುಡುಗರು ಗೆಲ್ಲಿಸಿದಾಗ ಇಡೀ ಸ್ಟೇಡಿಯಂ "ನಮ್ಮವರು" ಅಂತ ಎದ್ದು ನಿಲ್ತು. ಅದೇ ಮುಖದವರು ಮರುದಿನ ಬೆಂಗಳೂರಿನಾಗ ಬಾಡಿಗೆ ಮನೆ ಕೇಳಲಿಕ್ಕೆ ಹೋದ್ರ? ಚೆಂಡು ಗೋಲಿನಾಗ ಬಿದ್ದಾಗ ನಮ್ಮವರು ಆಗೋದು ಸುಲಭ. ನಮ್ಮ ಜನಕ್ಕೂ ಇದು ಹೊಸದಲ್ಲ, ಹಲಿಗೆ ಬಡಿಯುವಾಗ ಬೇಕು, ಪಂಕ್ತಿಗೆ ಬ್ಯಾಡ.

ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನ ನೆನೆಸಿಕೊಳ್ರಿ. ಚಮ್ಮಾರ ಜಾತಿಯ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಾಗ ನೂರಕ್ಕೂ ಹೆಚ್ಚು ವಿಕೆಟ್ ತಗೊಂಡವರು. ಪುಣೆಯಲ್ಲಿ ಮೈದಾನದಾಗ ಅವರು ಹಾಕಿದ ಚೆಂಡು ಎಲ್ಲರೂ ಮುಟ್ಟತಿದ್ರು, ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ ಹೊರಗ ಬ್ಯಾರೆ ಕಪ್ಪು. ನೂರು ವರ್ಷದ ಹಿಂದಿನ ಕಥೆ ಅನ್ನಬ್ಯಾಡ್ರಿ. ನಮ್ಮ ಇದೇ ಹುಡುಗರು ಈಚೆಗೆ ಒಂದು ಊರಿನ ಟೂರ್ನಮೆಂಟಿಗೆ ಎಂಟ್ರಿ ಫೀ ಕಟ್ಟಿ ಹೋದಾಗ, ಸಂಘಟಕರು ಫೀ ಎಣಿಸಿಕೊಂಡು, "ನಿಮ್ಮ ನೀರು ನೀವೇ ತಂದುಕೊಳ್ರಿ, ಆ ಕೊಡ ಮುಟ್ಟಬ್ಯಾಡ್ರಿ" ಅಂದ್ರು. ಹುಡುಗರು ಆಡದೇ ಬಂದ್ರು. ಫೀ ವಾಪಸ್ ಬರಲಿಲ್ಲ.

ಹಂಗಂತ ಕಂಠೀರವ ಸ್ವರ್ಗ ಅಂತ ನಾ ಹೇಳ್ಲತ್ತಿಲ್ಲ. ಮ್ಯಾಚ್ ಮುಗಿದ ಮ್ಯಾಲೆ ನಾವು ನೂಕುನುಗ್ಗಲು ಕಮ್ಮಿ ಆಗಲಿ ಅಂತ ಕುಂತೇ ಇದ್ವಿ. ಜನ ಖಾಲಿ ಆದ್ರು. ಆವಾಗ ಕೈಯಾಗ ಚೀಲ, ಪೊರಕೆ ಹಿಡಿದು ಹೆಣ್ಣುಮಕ್ಕಳು ಬಂದ್ರು. ಕಪ್ಪು, ಕಾಗದ, ತಟ್ಟೆ ಬಳಿಯೋದು ಸುರು ಆಯ್ತು. ರಾತ್ರಿ ಹನ್ನೊಂದರ ಹತ್ತಿರ. ಅವರಲ್ಲಿ ಒಬ್ಬರು ರಾಯಚೂರು ಕಡೆಯವರು, ನಮ್ಮ ಮಾತು ಕೇಳಿ ಗುರುತು ಹಿಡಿದ್ರು. "ಮ್ಯಾಚ್ ನೋಡಿದ್ರೇನವ್ವಾ?" ಅಂದೆ. "ಸಪ್ಪಳ ಕೇಳೀವಿ" ಅಂದ್ರು. ಸ್ಟ್ಯಾಂಡಿನಾಗ ಯಾರೂ ಜಾತಿ ಕೇಳಲಿಲ್ಲ, ಖರೆ. ಆದ್ರ ಪೊರಕೆ ಯಾರ ಕೈಯಾಗ ಇತ್ತು ಅನ್ನೋದು ಕೇಳದೇನೇ ಗೊತ್ತಾಗ್ತಿತ್ತು.

ಇನ್ನೊಂದು ಮಾತು. 2025ರ ಜೂನ್ 4ರಂದು ಅದೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ, ಆರ್‌ಸಿಬಿ ಗೆದ್ದ ಸಂಭ್ರಮದಾಗ, 11 ಜನ ಕಾಲ್ತುಳಿತದಾಗ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಆ ಸುದ್ದಿ ನೋಡಿದಾಗ ನನಗ ಒಡೆದ ಮೊಬೈಲು ಹಿಡಿದು ನಿಂತಿದ್ದ ನಮ್ಮ ಹುಡುಗನ ನೆನಪಾಯ್ತು. ಪಾಸ್ ಇದ್ದವರಿಗೆ ಬ್ಯಾರೆ ಬಾಗಿಲು ಇರ್ತದ. ಗೇಟಿನಾಗ ಸಿಕ್ಕೊಳ್ಳೋದು ಯಾವಾಗಲೂ ದೂರದಿಂದ ಬಂದವರು, ನಡೆದು ಬಂದವರು. ಕ್ರೀಡಾಂಗಣ ಮಾಡರ್ನ್ ಅಂದ್ರ ದೀಪ, ಪರದೆ ಅಲ್ಲ. ಬಂದವರು ಜೀವಂತ ಮನಿಗೆ ಹೋಗಬೇಕು, ಅದು ಮೊದಲು.

ಈಗ ಕೆಲಸದ ಮಾತು. ನಮ್ಮ ಸೀಮೆಯ ಸಿಮೆಂಟು ಊರೂರಿಗೆ ಹೋಗ್ತದ, ಶಹಾಬಾದ್ ಫರಸಿ ಎಷ್ಟೋ ಕಚೇರಿಗಳ ನೆಲಕ್ಕ ಹಾಸ್ಯಾರ. 371(ಜೆ) ಬಂದು ಹತ್ತು ವರ್ಷ ದಾಟಿತು, ಕಲ್ಯಾಣ ಕರ್ನಾಟಕ ಮಂಡಳಿ ಅದ, ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಅದ. ಆದ್ರ ನಮ್ಮ ಕೇರಿಯ ಹುಡುಗರಿಗೆ ಸಮತಟ್ಟಾದ ಒಂದು ಎಕರೆ ಇಲ್ಲ. ಬೆಂಗಳೂರಿನಿಂದ ಬಂದ ಮರುವಾರವೇ ಈ ನಾಲ್ವರು ಕೇರಿ ಪಕ್ಕದ ಗಾಯರಾಣ ಜಾಗದಾಗ ಜಾಲಿ ಕಡಿದು, ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು, ಬಿದಿರಿನ ಗೋಲು ನಿಲ್ಲಿಸಿದ್ರು. ಈಗ ಸಂಜೆ ಮೂವತ್ತು ನಲವತ್ತು ಮಕ್ಕಳು ಆಡ್ತಾರ. ಲಂಬಾಣಿ ತಾಂಡಾದ ಹುಡುಗರು ಬರ್ತಾರ, ಮುಸ್ಲಿಂ ಓಣಿಯವರು ಬರ್ತಾರ, ಆರು ಮಂದಿ ಹೆಣ್ಣುಮಕ್ಕಳೂ ಬರ್ತಾರ. ಒಂದೇ ಕೊಡದ ನೀರು ಎಲ್ಲರೂ ಕುಡಿತಾರ. ಈಗ ಅದೇ ಜಾಗದಾಗ ವ್ಯಾಪಾರಿ ಮಳಿಗೆ ಕಟ್ಟಬೇಕು ಅಂತ ಅಳತೆ ನಡೆದದ. ಹೋದ ಮಂಗಳವಾರ ಗೋಲಿನ ಬಿದಿರು ಕಿತ್ತು ಒಗೆದಿದ್ರು. ಹುಡುಗರು ಬುಧವಾರ ಮತ್ತ ನೆಟ್ಟರು.

ನಾನು ಗುಮಾಸ್ತ. ಮೈದಾನದಾಗ ಓಡಲಿಕ್ಕೆ ಬರೋದಿಲ್ಲ, ಕಾಗದ ಓಡಿಸಲಿಕ್ಕೆ ಬರ್ತದ. ಪಹಣಿ ತಗಸೀನಿ, ಜಾಗ ಸರ್ಕಾರದ್ದೇ ಅದ. ಮಳಿಗೆಯ ಠರಾವು, ನಕ್ಷೆ ಕೊಡ್ರಿ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕೀನಿ. ಆ ಜಾಗ ಸಾರ್ವಜನಿಕ ಆಟದ ಮೈದಾನ ಅಂತ ಕಾಯ್ದಿರಿಸಬೇಕು, ಇದು ನಮ್ಮ ಬೇಡಿಕೆ. ಸ್ಟೇಡಿಯಂ ಬ್ಯಾಡ, ಬೇಲಿ, ಎರಡು ಕಬ್ಬಿಣದ ಗೋಲು, ಒಂದು ನಳ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಸಾಕು. ಬರೋ ಸೋಮವಾರ ಮುಂಜಾನಿ 11ಕ್ಕೆ ಮನವಿ ಕೊಡಲಿಕ್ಕೆ ಹೊಂಟೀವಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಗೆಳೆಯರು ಸಾಧ್ಯ ಆದವರು ಬರ್ರಿ. ಜಾಗದ ವಿವರ ಇನ್‌ಬಾಕ್ಸಿನಾಗ ಕೇಳಿದ್ರ ಕೊಡ್ತೀನಿ. ನಿಮ್ಮ ಊರಾಗೂ ಇಂಥ ಗಾಯರಾಣ ಇದ್ರ ಮೊದಲು ಪಹಣಿ ತಗಸ್ರಿ, ಅಳತೆಯವರು ಬಂದ ಮ್ಯಾಲೆ ಓಡಾಡೋದು ಕಷ್ಟ. ತಾಯಂದಿರು ಖಂಡಿತ ಬರಬೇಕು, ಸಹಿ ಬರದವರು ಹೆಬ್ಬೆಟ್ಟು ಹಾಕಬಹುದು. ಹುಡುಗರು ಚೆಂಡು ತರ್ತಾರ.

ಸೇಡಂನ ತಮ್ಮಾ, ನೀನೂ ಬಾ. ಉಳಿದದ್ದು ಅಲ್ಲೇ ಮಾತಾಡೋಣ.

ಜೈ ಭೀಮ್. ಜೈ ಸಂವಿಧಾನ.