ಯೆಜ್ಡಿಗೆ ಯೆಜ್ಡಿಯದೇ ಎಂಜಿನ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಹಳೇ ಜಾವಾ, ಯೆಜ್ಡಿ ಬೈಕುಗಳನ್ನು ಕೊಳ್ಳುವ ಆಸೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿಗಳಲ್ಲಿ ಇನ್ನೂ ಇದೆ. ಕೊಂಡವರು ಗಾಡಿಯ ಜೊತೆ ಬಂದ ಎಂಜಿನ್ನನ್ನೇ ಉಳಿಸಿಕೊಳ್ಳಬೇಕು. ಕಿಕ್ ಹೊಡೆದ ಲಿವರೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಜಾಣ್ಮೆ ಇರುವುದು ಆ ಎಂಜಿನ್‌ನಲ್ಲೇ. ಅದು ಹೋದರೆ ಉಳಿಯುವುದು ಟ್ಯಾಂಕ್ ಮೇಲಿನ ಹೆಸರಷ್ಟೇ. ರಿಪೇರಿ ಕಷ್ಟ, ಬೇರೆ ಎಂಜಿನ್ ಕೂರಿಸುವುದೇ ವಾಸಿ ಎನ್ನುವವರಿದ್ದಾರೆ. ಆದರೆ ಈ ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಮುಖ್ಯವಾಗಿ ಸವೆಯುವುದು ಪಿಸ್ಟನ್, ರಿಂಗ್, ಬೋರ್, ಬೇರಿಂಗ್, ಆಯಿಲ್ ಸೀಲ್. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಪೀಣ್ಯದಂಥ ಲೇತಿನ ಊರಿಗೆ ದೊಡ್ಡ ಕೆಲಸವೇ?

ಹೊಗೆಯ ಆಕ್ಷೇಪಣೆ ಮಾತ್ರ ನ್ಯಾಯವಾದದ್ದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಉರಿಸುವ ಗಾಡಿಯನ್ನು ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಲ್ಲಿಸುವುದು ತಪ್ಪೇ. 2021ರ ಕೇಂದ್ರ ನಿಯಮವೂ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಕೊಡುತ್ತದೆ, ದಿನಬಳಕೆಗೆ ಮಾತ್ರ ಬೇಡ ಎನ್ನುತ್ತದೆ. ಆಫೀಸಿಗೆ ಈಗ ಮೆಟ್ರೋ ಇದೆ. ಹಾಗಂತ ಮುಚ್ಚಿಡಲೂ ಬಾರದು: ಓಡದ ಎಂಜಿನ್‌ನ ಸೀಲುಗಳು ಒಣಗಿ ಬಿರಿಯುತ್ತವೆ, ಕಾರ್ಬುರೇಟರ್‌ನಲ್ಲಿ ಜಿಡ್ಡು ಕಟ್ಟುತ್ತದೆ. ಆಗೊಮ್ಮೆ ಈಗೊಮ್ಮೆ ಭಾನುವಾರ ಬೆಳಗ್ಗೆ ಒಂದು ಸುತ್ತು ಸಾಕು.