ಮುಂಬಯಿಯ ಜಾರ್ಜ್ ಪುರಾಣ

ಹೆಸರಿಡುವ ವಿಷಯದಲ್ಲಿ ನಮ್ಮವರು ಬಹಳ ಲೆಕ್ಕಾಚಾರದವರು. ಮೊದಲ ಗಂಡಿಗೆ ಅಜ್ಜನ ಹೆಸರು, ಹರಕೆ ಹೊತ್ತು ಹುಟ್ಟಿದವನಿಗೆ ದೇವರ ಹೆಸರು, ಜಾತಕಕ್ಕೊಂದು, ಕೂಗಿ ಕರೆಯುವುದಕ್ಕೆ ಇನ್ನೊಂದು. ಮೈಸೂರು ಸೀಮೆಯಲ್ಲಿ ಮಹಾರಾಜರ ಹೆಸರಿಟ್ಟುಕೊಂಡವರಿಗೂ ಕಡಿಮೆಯಿಲ್ಲ. ಬೆಳಿಗ್ಗೆ ಸೈಕಲ್ಲಿನಲ್ಲಿ ಹಾಲು ತರುವವನ ಹೆಸರು ಕೃಷ್ಣರಾಜ ಎಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮಂಗಳೂರಿನ ಬಿಜೈಯ ಒಬ್ಬ ತಾಯಿ, 1930ರ ಜೂನ್ 3ರಂದು ಹುಟ್ಟಿದ ಚೊಚ್ಚಲ ಮಗನಿಗೆ ಹೆಸರು ತರಿಸಿಕೊಂಡದ್ದು ನೇರವಾಗಿ ಲಂಡನ್ನಿನ ಅರಮನೆಯಿಂದ. ಆಗ ಸಿಂಹಾಸನದಲ್ಲಿದ್ದ ಐದನೆಯ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ, 1865ರಲ್ಲಿ. ಆಲಿಸ್ ಫೆರ್ನಾಂಡಿಸರಿಗೆ ಆ ರಾಜನ ಮೇಲೆ ಬಹಳ ಅಭಿಮಾನ. ಹಾಗಾಗಿ ಮಗು ಜಾರ್ಜ್ ಆಯಿತು. ಮನೆಯೊಳಗೆ ಮಾತ್ರ ಜೆರಿ.

ಈ ಜೆರಿ ಮುಂದೆ ಮುಂಬಯಿಗೆ ಬಂದು ಏನೇನು ಮಾಡಿದರು ಎನ್ನುವುದಕ್ಕೆ ಆಮೇಲೆ ಬರೋಣ. ಮೊದಲು ಈ ಹೆಸರಿನ ಮೂಲಮನೆ ನೋಡಿಕೊಂಡು ಬರುವ. ಅವಸರವೇನಿಲ್ಲ, ನಮ್ಮ ಲೋಕಲ್ ಇನ್ನೂ ಘಾಟ್‌ಕೋಪರ್ ದಾಟಿಲ್ಲ.

ಗ್ರೀಕರ ಬಾಯಲ್ಲಿ ಇದು ಗೆಯೋರ್ಗಿಯೋಸ್. ಮಣ್ಣಿನಲ್ಲಿ ದುಡಿಯುವವ, ಸೀದಾ ಹೇಳುವುದಾದರೆ ಒಕ್ಕಲು. ಉಳುವವನ ಹೆಸರು ರಾಜನ ತಲೆಗೆ ಏರುವುದಕ್ಕೆ ನಡುವೆ ಒಬ್ಬ ಸಂತ ಬರಬೇಕಾಯಿತು. ರೋಮನ್ ಸೇನೆಯ ಸಿಪಾಯಿ, ಕ್ರಿಸ್ತನನ್ನು ಬಿಡಲಾರೆ ಎಂದದ್ದಕ್ಕೆ ಸುಮಾರು 303ರಲ್ಲಿ ಚಕ್ರವರ್ತಿ ಡಯೋಕ್ಲೀಶಿಯನ್ನನ ಕಾಲದಲ್ಲಿ ತಲೆ ಕೊಟ್ಟವನು ಎಂಬುದು ಅವನ ಕತೆ. ಕುದುರೆಯ ಮೇಲೆ ಕೂತು ಘಟಸರ್ಪಕ್ಕೆ ಈಟಿ ಚುಚ್ಚುವ ಸಂಗತಿಯೆಲ್ಲ ನೂರಾರು ವರ್ಷಗಳ ಮೇಲೆ ಸೇರಿಕೊಂಡದ್ದು. ಊರ ಹೊರಗೆ ಒಂದು ಘಟಸರ್ಪ, ಅದಕ್ಕೆ ದಿನವೂ ಕುರಿ, ಕುರಿ ಮುಗಿದ ಮೇಲೆ ಮನುಷ್ಯರು, ಸರದಿ ಬರುತ್ತಾ ಬರುತ್ತಾ ಕೊನೆಗೆ ರಾಜನ ಮಗಳು. ಎಲ್ಲೋ ಕೇಳಿದ ಹಾಗಿದೆಯಲ್ಲ? ಏಕಚಕ್ರನಗರದ ಬಕಾಸುರನ ಪ್ರಸಂಗ ಆಟದಲ್ಲಿ ನೋಡಿದವರಿಗೆ ಇದರಲ್ಲಿ ಹೊಸತೇನೂ ಸಿಗಲಿಕ್ಕಿಲ್ಲ. ವ್ಯತ್ಯಾಸ ಇಷ್ಟೆ: ನಮ್ಮ ಭೀಮ ಮೊದಲು ಬಂಡಿ ಅನ್ನ ಮುಗಿಸಿ ಆಮೇಲೆ ಕೆಲಸಕ್ಕೆ ಕೈಹಾಕಿದ. ಸಂತ ಜಾರ್ಜನ ಊಟದ ವಿಷಯ ಯಾರೂ ಬರೆದಿಲ್ಲ.

ಒಂದು ಹೆಸರು ಇಷ್ಟು ಊರು ಸುತ್ತಿದರೆ ವೇಷ ಬದಲಾಗದೆ ಇರುತ್ತದೆಯೇ? ರಷ್ಯಾದಲ್ಲಿ ಯೂರಿ, ಇಟಲಿಯಲ್ಲಿ ಜಾರ್ಜಿಯೊ, ಸ್ಪೇನಿನಲ್ಲಿ ಹೋರ್ಹೆ. ಕೇರಳಕ್ಕೆ ಇಂಗ್ಲಿಷರಿಗಿಂತ ಎಷ್ಟೋ ಮೊದಲೇ ಸಿರಿಯಾದ ದಾರಿಯಲ್ಲಿ ಬಂದು ವರ್ಗೀಸ್ ಆಯಿತು. ರೈತರ ಹಾಲಿಗೆ ಮಾರುಕಟ್ಟೆ ಕಟ್ಟಿಕೊಟ್ಟ ಅಮುಲ್‌ನ ವರ್ಗೀಸ್ ಕುರಿಯನ್ ಕೂಡ ಹಾಗೆ ನೋಡಿದರೆ ಒಬ್ಬ ಜಾರ್ಜೇ. ಹೆಂಗಸರನ್ನೂ ಈ ಹೆಸರು ಬಿಟ್ಟಿಲ್ಲ. ಮಂಗಲದಾಸ್ ಮಾರ್ಕೆಟಿನಲ್ಲಿ ನಮ್ಮವರು ಗಂಟೆಗಟ್ಟಲೆ ಚೌಕಾಸಿ ಮಾಡಿ ಕೊಳ್ಳುವ ಜಾರ್ಜೆಟ್ ಬಟ್ಟೆಗೆ ಆ ಹೆಸರು ಬಂದದ್ದು ಜಾರ್ಜೆಟ್ ಎಂಬ ಫ್ರೆಂಚ್ ದರ್ಜಿಯಿಂದ.

ಇಂಗ್ಲೆಂಡಿನವರು ಈ ಸಂತನನ್ನು ನಾಡಿನ ಪೋಷಕ ಎಂದು ಒಪ್ಪಿಕೊಂಡರೂ 1714ರ ತನಕ ಅವರಲ್ಲಿ ಒಬ್ಬ ರಾಜನೂ ಜಾರ್ಜ್ ಆಗಿರಲಿಲ್ಲ. ಆ ವರ್ಷ ಜರ್ಮನಿಯ ಹ್ಯಾನೋವರಿನಿಂದ ದೊರೆಯನ್ನು ಕರೆತಂದರು. ಹೊಸ ದೊರೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲಿಂದ 1830ರವರೆಗೆ ಸಾಲಾಗಿ ನಾಲ್ಕು ಜಾರ್ಜುಗಳು. ಆರನೆಯ ಜಾರ್ಜನ ಕತೆ ಇನ್ನೂ ತಮಾಷೆಯದು: ಅವನ ಮೊದಲ ಹೆಸರು ಆಲ್ಬರ್ಟ್. ಪಟ್ಟಕ್ಕೆ ಬಂದಾಗ ಜಾರ್ಜ್ ಎಂಬ ಹೆಸರನ್ನು ಎತ್ತಿಕೊಂಡ. ನಮ್ಮ ಮಠಗಳಲ್ಲಿ ಪೀಠವೇರುವಾಗ ಹೆಸರು ಬದಲಾಗುತ್ತದಲ್ಲ, ಅದೇ ಪದ್ಧತಿ.

ಮೂರನೆಯ ಜಾರ್ಜನ ಕಾಲಕ್ಕೆ ಹೆಸರು ಮುಂಬಯಿಯಲ್ಲಿ ಬಂದಿಳಿಯಿತು. 1769ರಲ್ಲಿ ಇಲ್ಲಿಯ ಕೋಟೆಯ ಉತ್ತರದ ಮಗ್ಗುಲಿಗೆ ಫೋರ್ಟ್ ಜಾರ್ಜ್ ಕಟ್ಟಿದರು. ನೂರು ವರ್ಷವೂ ನಿಲ್ಲಲಿಲ್ಲ, 1860ರ ದಶಕದಲ್ಲಿ ತಾವೇ ಕೆಡವಿದರು. ಉಳಿದದ್ದು ಗೋಡೆಯ ಒಂದು ತುಂಡು, ಮತ್ತು ಆ ಜಾಗದ ಸೇಂಟ್ ಜಾರ್ಜ್ ಆಸ್ಪತ್ರೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಐದನೆಯ ಜಾರ್ಜ್ ಯುವರಾಜನಾಗಿದ್ದಾಗ 1905ರಲ್ಲಿ ಬಂದು ಮ್ಯೂಸಿಯಮ್ಮಿಗೆ ಅಡಿಗಲ್ಲಿಟ್ಟು ಹೋದ. ರಾಜನಾಗಿ 1911ರ ಡಿಸೆಂಬರ್ 2ರಂದು ರಾಣಿಯ ಜೊತೆ ಅಪೊಲೊ ಬಂದರದಲ್ಲಿ ಇಳಿದ. ಅದರ ನೆನಪಿಗೆ ಕಟ್ಟಿದ್ದೇ ಗೇಟ್‌ವೇ ಆಫ್ ಇಂಡಿಯಾ. ಇಳಿದ ದಿನ ಅಲ್ಲಿ ಗೇಟೂ ಇರಲಿಲ್ಲ, ಕಲ್ಲೂ ಇರಲಿಲ್ಲ, ರಟ್ಟಿನಲ್ಲಿ ಮಾಡಿದ ಒಂದು ಕಮಾನು. ನಿಜವಾದದ್ದು ಮುಗಿದದ್ದು 1924ರಲ್ಲಿ. ದಿಬ್ಬಣ ಹೋಗಿ ಹದಿಮೂರು ವರ್ಷಕ್ಕೆ ಚಪ್ಪರ ಹಾಕಿದ ಹಾಗಾಯಿತು, ರಾಜ ಮತ್ತೆ ಈ ದೇಶದ ಕಡೆ ಬರಲೇ ಇಲ್ಲ. ಕಟ್ಟಡದ ನಕ್ಷೆ ಬರೆದವನ ಹೆಸರೂ ಜಾರ್ಜ್, ಸ್ಕಾಟ್ಲೆಂಡಿನ ಜಾರ್ಜ್ ವಿಟೆಟ್. ಆ ಮ್ಯೂಸಿಯಮ್ಮೂ ಅವನದೇ, ಪರೇಲಿನ ಕೆಇಎಂ ಆಸ್ಪತ್ರೆಯೂ ಅವನದೇ. 1926ರಲ್ಲಿ ಇದೇ ಊರಿನಲ್ಲಿ ತೀರಿಕೊಂಡು ಶಿವಡಿಯ ಸ್ಮಶಾನದಲ್ಲಿ ಮಲಗಿದ್ದಾನೆ. ಕಮಾನಿನ ನೆತ್ತಿಯ ಮೇಲೆ ರಾಜನ ಹೆಸರು ಕೆತ್ತಿದೆ, ಇಸವಿಯನ್ನು ರೋಮನ್ ಅಕ್ಷರಗಳಲ್ಲಿ ಹಾಕಿದ್ದಾರೆ. ಅದನ್ನು ತಲೆಯೆತ್ತಿ ಓದುವವರು ಯಾರೂ ಇಲ್ಲ. ಎಲ್ಲರೂ ಅದಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ, ಕಡಲೆಕಾಯಿ ತಿಂದು ಎಲಿಫೆಂಟಾದ ಲಾಂಚು ಹತ್ತುತ್ತಾರೆ. ಕೊನೆಯ ಬ್ರಿಟಿಷ್ ಪಲ್ಟನ್ನು ಊರು ಬಿಟ್ಟು ಹೋದದ್ದೂ ಅದೇ ಕಮಾನಿನಡಿಯಿಂದ, 1948ರ ಫೆಬ್ರವರಿ 28ರಂದು.

ಪಕ್ಕದ ತಾಜ್ ಹೋಟೆಲಿಗೆ 1966ರಲ್ಲಿ ಇನ್ನೊಬ್ಬ ಜಾರ್ಜ್ ಬಂದು ಬೇರೆ ಹೆಸರಿನಲ್ಲಿ ಕೋಣೆ ಹಿಡಿದಿದ್ದ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್, ರವಿಶಂಕರರಲ್ಲಿ ಸಿತಾರ್ ಕಲಿಯುವುದಕ್ಕೆ ಬಂದವನು. ಜಾರ್ಜನ ಹೆಸರಿನ ಕಮಾನಿನ ಎದುರಿಗೇ ಜಾರ್ಜನೊಬ್ಬ ಹೆಸರು ಮರೆಸಿಕೊಂಡು ಕೂತಿದ್ದ.

ಮುಂದೆ ಶಹರಕ್ಕೆ ಮರುನಾಮಕರಣದ ಹುಕಿ ಬಂತು. ರಾಜ ಅಡಿಗಲ್ಲಿಟ್ಟ ಮ್ಯೂಸಿಯಂ ಛತ್ರಪತಿ ಶಿವಾಜಿ ಮಹಾರಾಜರದಾಯಿತು. ದಾದರಿನ ಹಿಂದೂ ಕಾಲೊನಿಯ ಕಿಂಗ್ ಜಾರ್ಜ್ ಹೈಸ್ಕೂಲು ರಾಜಾ ಶಿವಾಜಿ ವಿದ್ಯಾಲಯವಾಯಿತು. ಇದಕ್ಕೆ ನನ್ನ ತಕರಾರಿಲ್ಲ. ಗೇಟ್‌ವೇ ಎದುರು ಕುದುರೆಯೇರಿದ ಶಿವಾಜಿ ಇರುವುದೇ ಸರಿ. ಆದರೆ ರಾಜರೆಲ್ಲ ಬೋರ್ಡಿನಿಂದ ಇಳಿಯುವ ಹೊತ್ತಿಗೆ ಆ ಹೆಸರು ಟ್ಯಾಕ್ಸಿ ಸ್ಟ್ಯಾಂಡಿಗೂ ಹೋಟೆಲಿನ ಅಡುಗೆ ಕೋಣೆಗೂ ಹೊಕ್ಕಾಗಿತ್ತು. ಅದು ಬಿಜೈಯ ಜೆರಿಯ ಕೆಲಸ.

ಹದಿನಾರರ ವಯಸ್ಸಿಗೆ ಪಾದ್ರಿಯಾಗಲೆಂದು ಅವರನ್ನು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದರು. ದೊಡ್ಡ ಪಾದ್ರಿಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ಹುಡುಗರಿಗೆ ಬೇರೆ. ಇದು ಸರಿಬರಲಿಲ್ಲ, ಬಿಟ್ಟು ಬಂದರು. ಆಮೇಲೆ ಮುಂಬಯಿ. ಚೌಪಾಟಿಯ ಬೆಂಚಿನ ಮೇಲೆ ಮಲಗಿ ಪೊಲೀಸರಿಂದ ಎಬ್ಬಿಸಿಕೊಂಡದ್ದು, ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದಿದ್ದು, ಕೊನೆಗೆ ಡಾಕ್ ಕಾರ್ಮಿಕರ ನಾಯಕ ಪ್ಲಾಸಿಡ್ ಡಿ'ಮೆಲ್ಲೊ ಎಂಬ ಗುರು ಸಿಕ್ಕಿದ್ದು. 1958ರಲ್ಲಿ ಡಿ'ಮೆಲ್ಲೊ ತೀರಿಕೊಂಡರು, ಶಿಷ್ಯ ಬೆಳೆದರು. ಟ್ಯಾಕ್ಸಿ, ಬಸ್ಸು, ನಗರಪಾಲಿಕೆ ಎಲ್ಲ ಕಡೆ ಅವರ ಯೂನಿಯನ್ನು. ಜಾರ್ಜ್ ಕೈ ಎತ್ತಿದರೆ ಶಹರ ಬಂದ್.

ನಮ್ಮ ಮಾವ ಆಗ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಗಿರಾಕಿಗಳೊಡನೆ "ಜಾರ್ಜ್ ನಮ್ಮ ಊರಿನವ, ತುಳು ಎಷ್ಟು ಚಂದ ಮಾತಾಡ್ತಾನೆ ಮಾರಾಯ್ರೆ" ಎಂದು ಎದೆಯುಬ್ಬಿಸುವರು. ನನಗೆ ಮಾತ್ರ ತಗ್ಗಿದ ಸ್ವರದಲ್ಲಿ, "ನೋಡು ಅಳಿಯ, ದಣಿಗಳ ಎದುರು ಆ ಹೆಸರು ತೆಗೀಬೇಡ. ಅವರಿಗೆ ಬಿಪಿ ಉಂಟು." ಮಾಣಿಗಳಿಗೆ ದೇವರ ಹಾಗೆ, ದಣಿಗಳಿಗೆ ಮಾರಿಯ ಹಾಗೆ, ಹೆಸರು ಒಂದೇ. ಫೆರ್ನಾಂಡಿಸ್ ಎಂದು ಯಾರೂ ಹೇಳುತ್ತಿರಲಿಲ್ಲ. ಈ ಊರಿನಲ್ಲಿ ಫೆರ್ನಾಂಡಿಸರು ಬೀದಿಗೆ ಹತ್ತು ಜನ ಇದ್ದಾರೆ.

1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರೆಂದರೆ ಕಿರೀಟವಿಲ್ಲದ ದೊರೆ. ಪತ್ರಿಕೆಯವರು ಇವರಿಗೆ ದೈತ್ಯಸಂಹಾರಿ ಎಂದು ಬಿರುದು ಕೊಟ್ಟರು, ಸಂತನ ಘಟಸರ್ಪ ಹೇಗೂ ಹೆಸರಿನೊಳಗೇ ಇತ್ತು. 1974ರ ರೈಲು ಮುಷ್ಕರ, ತುರ್ತುಪರಿಸ್ಥಿತಿ, ಜೈಲಿನಿಂದಲೇ ಮುಜಫ್ಫರ್‌ಪುರ ಗೆದ್ದದ್ದು, ಕೊಕಾಕೋಲಾ ಗಂಟುಮೂಟೆ ಕಟ್ಟಿದ್ದು ಎಲ್ಲ ನಿಮಗೆ ತಿಳಿದದ್ದೇ. ಕೊನೆಗಾಲದ ರಾಜಕೀಯ ನನಗೆ ರುಚಿಸಲಿಲ್ಲ, ಅದನ್ನು ಇಲ್ಲಿ ಕೆದಕುವುದೂ ಇಲ್ಲ. ಒಂದನ್ನು ಮಾತ್ರ ನಮ್ಮವರು ಮರೆಯಬಾರದು. ರೈಲುಗಳನ್ನು ನಿಲ್ಲಿಸಿದ ಇದೇ ಮನುಷ್ಯ 1989ರ ಕೊನೆಗೆ ರೈಲು ಮಂತ್ರಿಯಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. 1990ರಲ್ಲಿ ನಿಗಮವಾಯಿತು, 1998ರಲ್ಲಿ ದಾರಿ ಪೂರ್ತಿ ತೆರೆಯಿತು. ಅದಕ್ಕೆ ಮೊದಲು ಮುಂಬಯಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರ ಸೊಂಟಗಳನ್ನು ಕೇಳಿ ನೋಡಿ.

ಈಗ ಮಂಗಳೂರಿನ ಗಾಡಿ ಸಿಎಸ್‌ಎಂಟಿಯಿಂದ ಹೊರಡುತ್ತದೆ. ನಿಲ್ದಾಣದ ಮೂಡು ಬದಿಯ ರಸ್ತೆಗೆ ಹಿಂದೆ ಫ್ರೇರ್ ರೋಡ್ ಎಂದು ಹೆಸರಿತ್ತು, ಈಗ ಪಿ. ಡಿ'ಮೆಲ್ಲೊ ರಸ್ತೆ. ಜಾರ್ಜರ ಗುರುವಿನ ಹೆಸರಿನ ಈ ರಸ್ತೆಯಲ್ಲಿಯೇ ಸೇಂಟ್ ಜಾರ್ಜ್ ಆಸ್ಪತ್ರೆಯೂ ಇದೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಹಾಗೆ ಕೂಡಿಬಂದಿದೆ. ಊರಿಗೆ ಹೊರಟವರಲ್ಲಿ ನನ್ನದೊಂದು ವಿನಂತಿ: ಟ್ಯಾಕ್ಸಿಯನ್ನು ಮುಂಬಾಗಿಲಿಗೆ ಬಿಡಿಸದೆ ಡಿ'ಮೆಲ್ಲೊ ರಸ್ತೆಯ ಕಡೆಯಿಂದಲೇ ತರಿಸಿ. ದೂರದ ಗಾಡಿಗಳ ಪ್ಲಾಟ್‌ಫಾರ್ಮು ಆ ಬದಿಗೇ ಹತ್ತಿರ, ಹೊರೆ ಹೊರುವ ಕಷ್ಟವೂ ಕಡಿಮೆ.