ಅಜ್ಜನ ಬಿಪಿಎಂ ಎಷ್ಟು?

ಪುತ್ತರಿಗೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಬಾರದು ಅಂತ ಪ್ರತಿ ವರ್ಷ ಅಂದುಕೊಳ್ತೇನೆ, ಪ್ರತಿ ವರ್ಷ ಒಯ್ಯುತ್ತೇನೆ. ಕಳೆದ ಸಲ ಒಯ್ದಿದ್ದು ಮಾತ್ರ ಆಫೀಸ್ ಕೆಲಸಕ್ಕಲ್ಲ. ಅಜ್ಜನ ದುಡಿಕೊಟ್ಟ್ ಪಾಟ್ ಒಂದನ್ನು ಮ್ಯೂಸ್‌ಸ್ಕೋರ್‌ನಲ್ಲಿ ಬರೆದಿದ್ದೆ. ಕೆನಡಾದಲ್ಲಿರುವ ಚಿಕ್ಕಪ್ಪನ ಮಗಳ ಹುಡುಗ ವಯಲಿನ್ ಕಲೀತಿದ್ದಾನೆ, ಅವನಿಗೆ ‘ಶೀಟ್ ಮ್ಯೂಸಿಕ್’ ಬೇಕಂತೆ.

ದುಡಿ ಅಂದ್ರೆ ಡಮರುವಿನ ಆಕಾರದ ಸಣ್ಣ ವಾದ್ಯ. ಹಾಡಲು ನಾಲ್ಕು ಜನ ಬೇಕು. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಎತ್ತಿಕೊಳ್ಳಬೇಕು. ನಮ್ಮ ಕಡೆಯ ನಾಲ್ವರಲ್ಲಿ ಈಗ ಉಳಿದಿರೋದು ಅಜ್ಜ ಒಬ್ಬರೇ. ಮಾತುಗಳ ಚಿಂತೆ ಅಷ್ಟಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ಯಲ್ಲಿ ಎಷ್ಟೋ ಹಾಡುಗಳನ್ನು ಅಚ್ಚು ಹಾಕಿಸಿದ್ದಾರೆ. ಆದರೆ ಅಜ್ಜ ಎಷ್ಟು ವೇಗದಲ್ಲಿ ಹಾಡ್ತಾರೆ ಅನ್ನೋದು ಯಾವ ಪುಸ್ತಕದಲ್ಲಿ ಸಿಗುತ್ತೆ?

ಮೊದಲ ಸಲ ಜಗಲಿಯಲ್ಲಿ ಪ್ಲೇ ಒತ್ತಿದೆ. ವೇಗದ ಗುರುತು ಹಾಕದಿದ್ದರೆ ಸಾಫ್ಟ್‌ವೇರ್ ತಾನಾಗಿ ನಿಮಿಷಕ್ಕೆ 120 ಬಡಿತ ಹಿಡಿಯುತ್ತೆ. ಅಜ್ಜ ಎರಡು ಸಾಲು ಕೇಳಿ, “ಕುಂಞಿ, ಇವನಿಗೆ ಯಾವ ಬಸ್ಸು ತಪ್ಪುತ್ತೆ?” ಅಂದರು. (ನನಗೆ ಮೂವತ್ತೈದು. ಅವರಿಗೆ ಇನ್ನೂ ಕುಂಞಿ.)

ಗುರುತು ಹಾಕೋದು ಸುಲಭ. ಮೊದಲ ಸ್ವರ ಆರಿಸಿ ಆಲ್ಟ್-ಶಿಫ್ಟ್-ಟಿ ಒತ್ತಿ, ಕಾಲು ಸ್ವರದ ಚಿಹ್ನೆ ಸಮ ಇಷ್ಟು ಅಂತ ಬರೆದರೆ ಅದನ್ನೇ ಓದಿಕೊಂಡು ನುಡಿಸುತ್ತೆ. ಕಷ್ಟ ಇದ್ದದ್ದು ‘ಇಷ್ಟು’ ಅನ್ನೋದರಲ್ಲಿ. 2011ರ ಒಂದು ಮದುವೆಯಲ್ಲಿ ಫೋನಿಗೆ ಹಿಡಿದಿದ್ದ ರೆಕಾರ್ಡಿಂಗ್‌ನಲ್ಲಿ ನಾಲ್ವರೂ ಇದ್ದಾರೆ. ಬೆರಳಲ್ಲಿ ತಟ್ಟಿ ಅಳೆದೆ: ಶುರು 92, ಕೊನೆಗೆ 104. ಹೋದ ತಿಂಗಳು ಅಜ್ಜ ಒಬ್ಬರೇ ಹಾಡಿದ್ದು 66. 66 ಬರೆದರೆ ಹಾಡೇ ನಿಧಾನದ್ದು ಅಂತ ಆ ಹುಡುಗ ನಂಬ್ತಾನೆ. 92 ಬರೆದರೆ ಅಜ್ಜ ತಪ್ಪು ಅಂತ ನಾನೇ ಬರೆದುಕೊಟ್ಟ ಹಾಗೆ.

ಮೆಟ್ರೊನೋಮ್‌ಗೆ ಮೆಲ್ಟ್ಸೆಲ್ ಪೇಟೆಂಟ್ ಪಡೆದದ್ದು 1815ರಲ್ಲಿ. ಎರಡು ವರ್ಷಕ್ಕೆ ಬೀಥೋವನ್ ತನ್ನ ಸಿಂಫನಿಗಳಿಗೆ ಅಂಕಿ ಕೊಟ್ಟ. ಅವು ತೀರಾ ಜಾಸ್ತಿ ಅಂತ ಇವತ್ತಿಗೂ ಜಗಳ ನಡೀತಿದೆ. ನಮ್ಮ ಸಂಗೀತದವರು ವಿಳಂಬ, ಮಧ್ಯ, ದ್ರುತ ಅಂದು ಸುಮ್ಮನಾದದ್ದು ಜಾಣತನ ಅನ್ಸುತ್ತೆ.

ಕೊನೆಗೆ ಅಜ್ಜನಿಗೇ ಹಳೇ ರೆಕಾರ್ಡಿಂಗ್ ಕೇಳಿಸಿದೆ. ತುಂಬ ಹೊತ್ತು ಏನೂ ಹೇಳಲಿಲ್ಲ, ಕೈ ಮಾತ್ರ ನನ್ನ ಮೊಣಕಾಲ ಮೇಲೆ ತಾಳ ಹಾಕ್ತಿತ್ತು. ಆಮೇಲೆ, “ಆ ಇಬ್ಬರು ಹೇಳುವಾಗ ನಮಗೆ ಉಸಿರು ಸಿಗ್ತಿತ್ತು. ಈಗ ಎರಡು ಕಡೆಯದೂ ನಾನೇ ಹೇಳಬೇಕಲ್ಲ” ಅಂದರು.

ವಯಸ್ಸು ಅಂತ ನಾನು ಅಂದುಕೊಂಡಿದ್ದೆ.

ರಾತ್ರಿ ಕರೆಂಟ್ ಹೋಗೋದರೊಳಗೆ ಗುರುತನ್ನು ಹೊಸದಾಗಿ ಹಾಕಿದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಸಾಲು: ‘ನಾಲ್ವರಿದ್ದರೆ 92’, ಕೆಳಗೆ ‘ಒಬ್ಬರೇ ಆದರೆ 66’. ಡೀಫಾಲ್ಟ್ ಫಾಂಟ್ ಎಡ್ವಿನ್‌ನಲ್ಲಿ ಕನ್ನಡ ಇಲ್ಲ, ಅದಕ್ಕೆ ನೋಟೊ ಸಾನ್ಸ್ ಕನ್ನಡ ಆರಿಸಿದೆ. ಮಾತು ದಪ್ಪ ಅಕ್ಷರ, ಅಂಕಿ ತೆಳು. ‘ಬರೆದ ವೇಗವನ್ನೇ ಅನುಸರಿಸು’ ಅನ್ನೋ ಟಿಕ್ ತೆಗೆದು, ನುಡಿಸುವ ವೇಗ 92 ಅಂತ ಬೇರೆಯಾಗಿ ಕೊಟ್ಟೆ. ನಾಲ್ಕನೇ ಆವೃತ್ತಿಯಲ್ಲಿ ಮೆಲ್ಲಗೆ ವೇಗ ಏರುವ ಗೆರೆ ಎಳೆದರೆ ಅದೂ ನುಡಿಯುತ್ತೆ, ಹಾಗಾಗಿ 104ರವರೆಗೆ ಎಳೆದೆ. ಸಾಲಿನ ಕೊನೆಗೆ ಉಸಿರಿನ ಚಿಹ್ನೆಗಳು.

ಪಿಡಿಎಫ್ ನೋಡಿ ತಂಗಿ ಕೇಳಿದಳು, “ಅಣ್ಣ, ಇವನು ಒಬ್ಬನೇ ಅಲ್ವಾ? 66 ತಾನೇ?”

ಭಾನುವಾರ ವಿಡಿಯೋ ಕಾಲ್ ಮಾಡಿದೆವು. ಹುಡುಗ 92ರಲ್ಲೇ ಒಂದು ಸಾಲು ನುಡಿಸಿದ, ಎರಡನೆಯದು ಅಜ್ಜ ಹೇಳಿದರು. ನಮ್ಮೂರ ನೆಟ್‌ವರ್ಕ್ ಗೊತ್ತಲ್ಲ, ಪ್ರತಿ ಸಾಲೂ ಅರ್ಧ ಸೆಕೆಂಡ್ ತಡವಾಗಿ ಬರ್ತಿತ್ತು. ಅಷ್ಟರಲ್ಲಿ ಅಜ್ಜ ಉಸಿರು ತಗೊಳ್ತಿದ್ದರು.